ಬೆಳ್ಳಿ ಪಂಕ್ತಿ, ಕಂಚಿನ ಪಂಕ್ತಿ

ಹಳೆಯ ಯುದ್ಧಪದಕಗಳನ್ನು ಹರಾಜು ಹಾಕುವವರ ಕ್ಯಾಟಲಾಗಿನಷ್ಟು ಕರುಣೆ ತುಂಬಿದ ಸಾಹಿತ್ಯ ಬೇರೆಲ್ಲೂ ಸಿಗುವುದಿಲ್ಲ. ‘ಅಂಚಿನಲ್ಲಿ ಸಣ್ಣ ಪೆಟ್ಟು.’ ‘ಮುಖದ ಮೇಲೆ ಅಲ್ಲಲ್ಲಿ ತರಚು.’ ‘ಕೊಂಡಿ ಕಿತ್ತುಬಂದದ್ದನ್ನು ಮತ್ತೆ ಬೆಸೆಯಲಾಗಿದೆ.’ ‘ಉಜ್ಜಿ ಉಜ್ಜಿ ಸ್ವಲ್ಪ ಸವೆದಿದೆ, ಅದು ಬಿಟ್ಟರೆ ಸ್ಥಿತಿ ಬಹಳ ಚೆನ್ನಾಗಿದೆ.’ ಯಾವ ಪುಣ್ಯಾತ್ಮ ಡಾಕ್ಟರು ಗಾಯಾಳುವಿನ ಮಗ್ಗುಲಲ್ಲಿ ಕೂತು ಒಂದೊಂದೇ ಪೆಟ್ಟನ್ನು ಹೀಗೆ ಬರೆದುಕೊಂಡನೋ ಅನ್ನಿಸಬೇಕು. ಗಾಯಾಳು ಸಿಪಾಯಿಯಲ್ಲ, ಅವನ ಮೆಡಲು. ಸಿಪಾಯಿಯ ಪಾಲಿಗೆ ಕೊನೆಯಲ್ಲಿ ಒಂದೇ ಮಾತು: ‘ಯುದ್ಧದಲ್ಲಿ ಮಡಿದ.’ ಅವನಿಗೆ ಎಲ್ಲಿ ಪೆಟ್ಟಾಯಿತು, ಏನು ಕಿತ್ತುಬಂತು, ಬೆಸೆಯುವುದಕ್ಕೆ ಯಾರಾದರೂ ಇದ್ದರೋ ಇಲ್ಲವೋ, ಇವೆಲ್ಲ ಕ್ಯಾಟಲಾಗಿನ ವ್ಯಾಪ್ತಿಗೆ ಬರುವುದಿಲ್ಲ.

ಆದರೂ ಆ ಒಂದು ಮಾತನ್ನು ಹಗುರವಾಗಿ ಕಾಣಬೇಡಿ. ಬೆಲೆ ಏರುವುದೇ ಅದರಿಂದ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಹಂಚಿದ ‘ಬ್ರಿಟಿಷ್ ವಾರ್ ಮೆಡಲ್’ ಬೆಳ್ಳಿಯಲ್ಲೇ ಸುಮಾರು 65 ಲಕ್ಷ. ಊರಿಗೆ ವಾಪಸಾಗಿ, ಪಿಂಚಣಿ ತಿಂದು, ಮೊಮ್ಮಕ್ಕಳ ಕೈಲಿ ಕಾಲು ಒತ್ತಿಸಿಕೊಂಡು ಹಾಸಿಗೆಯಲ್ಲಿ ಪ್ರಾಣ ಬಿಟ್ಟವನ ಮೆಡಲನ್ನು ಯಾರು ಕೊಳ್ಳುತ್ತಾರೆ? ಸತ್ತವನದೇ ಬೇಕು. ಸತ್ತವರಲ್ಲೂ ದಿನ ನೋಡಿಕೊಂಡು ಸತ್ತವನದು ಬೇಕು. 1916ರ ಜುಲೈ 1ರಂದು, ಸೊಮ್ ಕದನದ ಮೊದಲ ದಿನ, ಬ್ರಿಟಿಷರ ಕಡೆ 19,240 ಜನ ಸತ್ತರು. ಆ ತಾರೀಖಿನ ಮೆಡಲು ಹರಾಜಿಗೆ ಬಂತೆಂದರೆ ಕೈಗಳು ತಾವಾಗಿಯೇ ಮೇಲೇಳುತ್ತವೆ. ಅದೇ ಬಸ್ರಾದ ಆಸ್ಪತ್ರೆಯ ಡೇರೆಯಲ್ಲಿ ಬೇದಿ ಹತ್ತಿ ಸತ್ತವನಿಗೆ ಆ ಯೋಗವಿಲ್ಲ. ಇವನೂ ಅದೇ ರಾಜನ ಕೆಲಸಕ್ಕೇ ಹೋಗಿದ್ದವನು, ಇವನ ತಾಯಿಯೂ ಅಷ್ಟೇ ಅತ್ತವಳು. ಆದರೆ ಬೇದಿ ಹತ್ತಿ ಸಾಯುವುದು ಶೌರ್ಯದ ಲಕ್ಷಣವಲ್ಲ ಎಂಬುದು ಮಾರುಕಟ್ಟೆಯ ಅಭಿಪ್ರಾಯ.

ಮೆಡಲನ್ನೇ ಸ್ವಲ್ಪ ಹತ್ತಿರದಿಂದ ನೋಡಿ. 36 ಮಿಲಿಮೀಟರ್ ಅಗಲದ ಬಿಲ್ಲೆ. ಒಂದು ಕಡೆ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಕಡೆ ಕುದುರೆಯ ಮೇಲೆ ಕೂತ ಒಬ್ಬ ಗಂಡಸು, ಮೈಮೇಲೆ ನೂಲಿನ ಎಳೆಯೂ ಇಲ್ಲ. ಕುದುರೆಯ ಗೊರಸಿನ ಕೆಳಗೆ ಹದ್ದಿನ ಗುರುತಿನ ಗುರಾಣಿ, ಪಕ್ಕದಲ್ಲಿ ತಲೆಬುರುಡೆ ಮತ್ತು ಮೂಳೆ. ಆತ ಸೇಂಟ್ ಜಾರ್ಜ್ ಅಂತೆ, ಹದ್ದು ಜರ್ಮನಿಯಂತೆ. 1914ರ ಶರತ್ಕಾಲದಲ್ಲಿ ತೆಳು ಖಾಕಿ ಹತ್ತಿಬಟ್ಟೆ ಉಟ್ಟು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದು, ಹಾಗೆಯೇ ಫ್ರಾನ್ಸಿನ ಚಳಿಗೆ ಸಿಕ್ಕಿದ ನಮ್ಮ ಸಿಪಾಯಿಗಳಿಗೆ ಈ ಬತ್ತಲೆ ಸವಾರ ಖಂಡಿತ ನೆಂಟನ ಹಾಗೆ ಕಂಡಿರಬೇಕು. ಸತ್ತವನ ಹೆಸರು ಎಲ್ಲಿ ಅಂತೀರಾ? ಬಿಲ್ಲೆಯನ್ನು ಓರೆ ಮಾಡಿ, ಅಂಚು ನೋಡಿ. ಅಲ್ಲಿ ನಂಬರು, ದರ್ಜೆ, ಹೆಸರು, ಪಲ್ಟನ್ನು, ಎಲ್ಲವೂ ಭೂತಗನ್ನಡಿಗೆ ಸಿಗುವಷ್ಟು ಅಕ್ಷರದಲ್ಲಿ. ರಾಜನಿಗೆ ಬಿಲ್ಲೆಯ ಅಗಲ, ಸತ್ತವನಿಗೆ ಬಿಲ್ಲೆಯ ದಪ್ಪ. ಒಂದೇ ಬಿಲ್ಲೆಯಲ್ಲಿ ಇಬ್ಬರಿಗೂ ಜಾಗ ಹೊಂದಿಸುವುದು ಸುಮ್ಮನೆ ಮಾತಲ್ಲ.

ಆದರೆ ಇದು ಬೆಳ್ಳಿಯವರ ಕಥೆಯಾಯಿತು. ಪಂಕ್ತಿಭೇದ ಮಹಾಪಾಪ ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ, ಹೇಳಿಕೊಂಡೇ ಮಾಡುತ್ತಾರೆ. ಸಾಮ್ರಾಜ್ಯಕ್ಕೆ ಅಂಥ ಸಂಕೋಚವಿರಲಿಲ್ಲ, ಆಜ್ಞೆ ಹೊರಡಿಸಿಯೇ ಮಾಡಿತು. ಅದೇ ಅಚ್ಚು, ಅದೇ ದೊರೆ, ಅದೇ ಬತ್ತಲೆ ಸವಾರ, ಅದೇ ಕಿತ್ತಳೆ ನಡುವಿನ ಪಟ್ಟೆಪಟ್ಟೆ ರಿಬ್ಬನ್ನು; ಲೋಹ ಮಾತ್ರ ಬೇರೆ. ಬಂದೂಕು ಹಿಡಿದವನಿಗೆ ಬೆಳ್ಳಿ. ಗುದ್ದಲಿ ಹಿಡಿದವನಿಗೆ, ಅವನು ಚೀನಾದವನೋ ಮಾಲ್ಟಾದವನೋ ನಮ್ಮವನೋ ಆಗಿದ್ದರೆ, ಕಂಚು. ಇಂಥ ಕೂಲಿ ದಳಗಳಿಗೆಂದೇ ಹೊಡೆಸಿದ ಕಂಚಿನ ಮೆಡಲುಗಳು ಸುಮಾರು 1 ಲಕ್ಷ 10 ಸಾವಿರ. ಇದೇನೂ 1919ರಲ್ಲಿ ಹೊಳೆದ ಹೊಸ ಉಪಾಯವಲ್ಲ. ಬರ್ಮಾ ಕದನಗಳ ಕಾಲದಿಂದಲೇ ದಂಡಿನ ಹಿಂದೆ ನೀರು ಹೊತ್ತ ಭಿಸ್ತಿಗೆ, ಕಸ ಬಳಿದವನಿಗೆ, ಡೋಲಿ ಹೊತ್ತವನಿಗೆ ಕಂಚು ಕೊಡುವ ಸಂಪ್ರದಾಯವಿತ್ತು. ಸಂಪ್ರದಾಯ ಮುರಿಯದಿರುವುದರಲ್ಲಿ ಇಂಗ್ಲಿಷರು ನಮ್ಮ ಮಠದವರಿಗಿಂತ ಒಂದು ಕೈ ಮೇಲು.

ಕಂಚಿನ ಪಂಕ್ತಿಯಲ್ಲಿ ಯಾರು ಯಾರು ಕೂತಿದ್ದರು ಎಂದು ನೋಡಿಕೊಂಡು ಬರುವುದು ಒಳ್ಳೆಯದು, ಯಾಕೆಂದರೆ ಮೆಡಲು ಕೊಟ್ಟವರು ಆ ಕಡೆ ಹೆಚ್ಚು ಹೊತ್ತು ನಿಲ್ಲಲಿಲ್ಲ. 1917ರಲ್ಲಿ ಫ್ರಾನ್ಸಿಗೆ ಹೊರಟ ಭಾರತೀಯ ಕೂಲಿ ದಳದಲ್ಲಿ ನಾಗಾಗಳಿದ್ದರು, ಲುಶಾಯಿಗಳಿದ್ದರು, ಖಾಸಿ, ಗಾರೊ, ಸಂತಾಲ, ಒರಾಂವ್ ಜನರಿದ್ದರು. ಮಣಿಪುರದ ಬೆಟ್ಟಗಳಲ್ಲಿ ಕುಕಿಗಳು ‘ನಾವು ಬರುವುದಿಲ್ಲ, ನಿಮ್ಮ ಜಗಳ ನಿಮಗೇ ಇರಲಿ’ ಎಂದು ತಿರುಗಿಬಿದ್ದರು. ಫ್ರಾನ್ಸಿಗೆ ಹೋಗಿ ಸಾಯಲು ಒಪ್ಪದವರ ಮೇಲೆ ಸರ್ಕಾರ ಅವರವರ ಬೆಟ್ಟಕ್ಕೇ ದಂಡು ಕಳಿಸಿತು. ಇನ್ನು ಮೆಸೊಪೊಟೇಮಿಯಾಕ್ಕೆ ಜನ ಸಾಲದೆ ಬಂದಾಗ ಭಾರತದ ಜೈಲುಗಳ ಬಾಗಿಲು ತೆರೆಯಿತು. ಸುಮಾರು 16 ಸಾವಿರ ಕೈದಿಗಳನ್ನು ಜೈಲು ಕೂಲಿ ದಳಗಳಲ್ಲಿ ಹಡಗು ಹತ್ತಿಸಿದರು, ಶಿಕ್ಷೆಯಲ್ಲಿ ಕಡಿತ ಕೊಡುತ್ತೇವೆ ಎಂದು. ಬೀದರಿನಿಂದ ಬಿಹಾರದವರೆಗೆ ಯಾವ ಜೈಲಿನಲ್ಲೂ ಇಲ್ಲದ ಸೆಖೆ, ಸೊಳ್ಳೆ, ಕಾಲರಾ ಅಲ್ಲಿ ಪುಕ್ಕಟೆ. ಒಟ್ಟು ಲೆಕ್ಕದಲ್ಲಿ ಈ ಯುದ್ಧಕ್ಕೆ ಭಾರತದಿಂದ ಭರ್ತಿಯಾದ ಸುಮಾರು 14 ಲಕ್ಷ ಜನರಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿ ಜನ ಬಂದೂಕಿಲ್ಲದವರು. ಹೇಸರಗತ್ತೆ ಹೊಡೆದರು, ಹಳಿ ಹಾಕಿದರು, ಹೆಣ ಹೊತ್ತರು, ಕಕ್ಕಸು ಬಳಿದರು. ದಂಡಿನ ದಾಖಲೆಯಲ್ಲಿ ಇವರ ಹೆಸರು ‘ಫಾಲೋಯರ್ಸ್’, ಹಿಂಬಾಲಕರು. ಶೆಲ್ಲಿಗೆ ಮಾತ್ರ ಯಾರು ಮುಂದೆ, ಯಾರು ಹಿಂದೆ ಎಂಬ ಶಿಸ್ತು ಇರಲಿಲ್ಲ.

ಚೀನಾದ ಕೂಲಿಗಳ ಮೆಡಲಿನ ಅಂಚು ಇನ್ನೂ ಚೊಕ್ಕ. ಅದರಲ್ಲಿ ಹೆಸರಿನ ರಗಳೆಯೇ ಇಲ್ಲ, ನಂಬರು ಮತ್ತು ದಳದ ಹೆಸರು ಅಷ್ಟೇ. ಸುಮಾರು 95 ಸಾವಿರ ಜನರ ಹೆಸರನ್ನು ಸರಿಯಾಗಿ ಉಚ್ಚರಿಸುವ ತೊಂದರೆಯಿಂದ ಒಂದು ಇಡೀ ಸಾಮ್ರಾಜ್ಯ ಹೀಗೆ ಪಾರಾಯಿತು.

ಕಂಚಿನ ಪಂಕ್ತಿಗಿಂತ ಕೆಳಗೆ ಇನ್ನೊಂದು ಪಂಕ್ತಿ ಇತ್ತು, ಅಲ್ಲಿ ಎಲೆಯನ್ನೇ ಹಾಕಲಿಲ್ಲ. 1917ರ ಫೆಬ್ರವರಿ 21ರ ನಸುಕಿನಲ್ಲಿ, ಇಂಗ್ಲೆಂಡಿನ ದಕ್ಷಿಣಕ್ಕೆ ವೈಟ್ ದ್ವೀಪದ ಬಳಿ, ದಟ್ಟ ಮಂಜಿನಲ್ಲಿ ‘ಡಾರೊ’ ಎಂಬ ಹಡಗು ‘ಮೆಂಡಿ’ ಎಂಬ ಹಡಗಿಗೆ ಗುದ್ದಿತು. ಮೆಂಡಿಯಲ್ಲಿದ್ದವರು ದಕ್ಷಿಣ ಆಫ್ರಿಕಾದ ಕಪ್ಪು ಜನರ ಕೂಲಿ ದಳದವರು, ಫ್ರಾನ್ಸಿಗೆ ಹೊರಟವರು. 600ಕ್ಕೂ ಹೆಚ್ಚು ಜನ ಮುಳುಗಿದರು. ಯುದ್ಧ ಮುಗಿದು ಮೆಡಲು ಹಂಚುವ ಹೊತ್ತಿಗೆ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಈ ದಳದವರಿಗೆ ಕಂಚೂ ಬೇಡ ಎಂದಿತು. ಪಕ್ಕದ ಬಸುಟೊಲ್ಯಾಂಡ್, ಬೆಚುವಾನಾಲ್ಯಾಂಡ್, ಸ್ವಾಜಿಲ್ಯಾಂಡುಗಳಿಂದ ಬಂದು ಇದೇ ದಳದಲ್ಲಿ ದುಡಿದವರಿಗೆ ಕಂಚು ಸಿಕ್ಕಿತು. ಗುದ್ದಲಿ ಒಂದೇ, ಗುಂಡಿ ಒಂದೇ. ಹುಟ್ಟಿದ ಊರು ಗಡಿಯ ಆಚೆ ಇದ್ದರೆ ಮೆಡಲು, ಈಚೆ ಇದ್ದರೆ ಇಲ್ಲ. ಕೂಲಿಗೆ ಮೆಡಲು ಕೊಟ್ಟರೆ ನಾಳೆ ಓಟು ಕೇಳುತ್ತಾನೆ ಎಂಬ ದೂರದೃಷ್ಟಿ ಇರಬಹುದು. ಆ ದೂರದೃಷ್ಟಿ ಸುಳ್ಳಾಗಲಿಲ್ಲ, ಮೆಡಲು ಕೊಡದಿದ್ದರೂ ಕೇಳಿದರು.

ಎರಡನೆಯ ಮೆಡಲು ‘ವಿಕ್ಟರಿ’, ವಿಜಯದ್ದು. ರೆಕ್ಕೆ ಇರುವ ಹೆಂಗಸು ಒಂದು ಕಡೆ, ಇನ್ನೊಂದು ಕಡೆ ಬರಹ: ‘ನಾಗರಿಕತೆಗಾಗಿ ನಡೆದ ಮಹಾಯುದ್ಧ, 1914–1919’. ತುಪಾಕಿ ನಿಂತದ್ದು 1918ರ ನವೆಂಬರಿನಲ್ಲಿ, ವರ್ಸೇಲ್ಸ್ ಒಪ್ಪಂದಕ್ಕೆ ರುಜು ಬಿದ್ದದ್ದು 1919ರ ಜೂನಿನಲ್ಲಿ, ಹಾಗಾಗಿ 1919. ಈ ಲೆಕ್ಕ ಪಂಜಾಬಿನವರಿಗೆ ಬಹಳ ಅನುಕೂಲವಾಯಿತು. ಭಾರತೀಯ ಸೇನೆಗೆ ಅತಿ ಹೆಚ್ಚು ಗಂಡಾಳುಗಳನ್ನು ಕೊಟ್ಟ ಪ್ರಾಂತ ಅದು. ಅಲ್ಲಿ 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಜನರಲ್ ಡೈಯರ್ 1,650 ಗುಂಡು ಹಾರಿಸಿದ, ಸರ್ಕಾರಿ ಲೆಕ್ಕದಲ್ಲೇ 379 ಜನ ಸತ್ತರು. ಮುಂದಿನ ವಾರ ಅಮೃತಸರದ ಒಂದು ಓಣಿಯಲ್ಲಿ ಹಾದುಹೋಗುವ ಭಾರತೀಯರೆಲ್ಲ ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕು ಎಂದು ಅಪ್ಪಣೆಯಾಯಿತು. ಮೆಡಲಿನ ಮೇಲೆ ಕೆತ್ತಿದ ತಾರೀಖುಗಳನ್ನೇ ನಂಬುವುದಾದರೆ ಇವೂ ನಾಗರಿಕತೆಗಾಗಿ ನಡೆದ ಮಹಾಯುದ್ಧದ ಅವಧಿಯೊಳಗೇ ಬರುತ್ತವೆ. ದೇವರ ದಯೆ, ಬೆಳ್ಳಿ ಮೆಡಲಿಗೆ ಮಂಜೂರಾತಿ ಸಿಕ್ಕಿದ್ದು ಆ ವರ್ಷದ ಜುಲೈ ಕೊನೆಗೆ, ವಿಜಯದ ಮೆಡಲಿಗೆ ಸೆಪ್ಟೆಂಬರಿನಲ್ಲಿ. ಮೊದಲೇ ಸಿಕ್ಕಿ, ಅದನ್ನು ಎದೆಗೆ ಚುಚ್ಚಿಕೊಂಡು ಯಾವನಾದರೂ ಮಾಜಿ ಸಿಪಾಯಿ ಆ ಓಣಿಯಲ್ಲಿ ತೆವಳಿದ್ದರೆ ಮುಖದ ಮೇಲೆ ತರಚು ಬಿದ್ದು ಇವತ್ತು ಹರಾಜಿನಲ್ಲಿ ಬೆಲೆ ಇಳಿಯುತ್ತಿತ್ತು.

ಸತ್ತವರ ಮನೆಗೆ ಇನ್ನೊಂದು ಕಂಚಿನ ತಟ್ಟೆಯೂ ಬರುತ್ತಿತ್ತು, ಅಂಗೈಗಿಂತ ಅಗಲ, 120 ಮಿಲಿಮೀಟರಿನದು. 13 ಲಕ್ಷಕ್ಕೂ ಹೆಚ್ಚು ಎರಕ ಹೊಯ್ದು ಹಂಚಿದರು. ಬ್ರಿಟಾನಿಯಾ ದೇವಿ, ಅವಳ ಮುಂದೆ ಸಿಂಹ, ಸುತ್ತ ‘ಇವನು ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಮಡಿದ’ ಎಂಬ ಅಕ್ಷರ. ಸಿಂಹ ಸಿಂಹದ ಹಾಗಿಲ್ಲ ಎಂದು ಆಗಲೇ ತಕರಾರು ಎದ್ದಿತ್ತು; ಇಷ್ಟು ಜನ ಸತ್ತಮೇಲೆ ಸಿಂಹವಾದರೂ ಸರಿಯಾಗಿರಬೇಕಲ್ಲ. ಇಂಗ್ಲೆಂಡಿನ ಬಡವರು ಈ ತಟ್ಟೆಯನ್ನು ‘ಸತ್ತವನ ದುಡ್ಡು’ ಎಂದು ಕರೆದರು. ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ಪಂಕ್ತಿಭೇದವಿರಲಿಲ್ಲ. ಜನರಲ್ಲಿಗೂ ಜವಾನನಿಗೂ ಒಂದೇ ಅಗಲ, ದರ್ಜೆ ಬರೆಯುವಂತಿಲ್ಲ. ತಟ್ಟೆ ಬೇಕಾದರೆ ಇಂಗ್ಲೆಂಡಿನ ಮನೆಯವರು ಒಂದು ಫಾರಂ ತುಂಬಬೇಕಿತ್ತು: ಸತ್ತವನ ಹೆಂಡತಿ ಯಾರು, ಮಕ್ಕಳೆಷ್ಟು, ತಂದೆ ತಾಯಿ ಇದ್ದಾರೋ, ಅಣ್ಣತಮ್ಮಂದಿರು ಒಡಹುಟ್ಟಿದವರೋ ಮಲತಾಯಿಯ ಮಕ್ಕಳೋ. ಮೇಲೆ ಪಾದ್ರಿಯದೋ ಮ್ಯಾಜಿಸ್ಟ್ರೇಟರದೋ ಸಹಿ. ನಮ್ಮ ತಾಲ್ಲೂಕು ಕಚೇರಿಯ ವಂಶವೃಕ್ಷದ ಮೂಲಪುರುಷ ಯಾರು ಎಂದು ಹುಡುಕುತ್ತಿರುವವರು ಇಲ್ಲಿಂದ ಶುರು ಮಾಡಬಹುದು. ಪಂಜಾಬಿನ ಮನೆಗಳಿಗೂ ಈ ತಟ್ಟೆ ಬಂತು. ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ರೌಲಟ್ ಕಾಯ್ದೆ ಅದಕ್ಕಿಂತ ಮುಂಚೆಯೇ ಬಂದು ಕೂತಿತ್ತು. ಮಗ ಸ್ವಾತಂತ್ರ್ಯಕ್ಕಾಗಿ ಸತ್ತ ಅಂತ ಕಂಚಿನಲ್ಲಿ ಬರೆದುಕೊಟ್ಟಿದ್ದಾರೆ. ಯಾರ ಸ್ವಾತಂತ್ರ್ಯ ಎಂದು ಕೇಳಿದರೆ ಅಪ್ಪ ಒಳಗೆ.

ಮಧ್ಯೆ ಒಂದು ಸಂತೋಷದ ಸುದ್ದಿ. ಬೆಳ್ಳಿ ಮೆಡಲಿನಲ್ಲಿ ಹೆಚ್ಚುಕಡಿಮೆ ಒಂದು ಔನ್ಸ್ ಒಳ್ಳೆಯ ಬೆಳ್ಳಿ ಇದೆ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನೆಲ್ಲ ಬಾಚಿಕೊಳ್ಳಲು ಹೋಗಿ ಔನ್ಸಿನ ಬೆಲೆ 50 ಡಾಲರಿನ ಹತ್ತಿರ ಹೋಯಿತು. ಆಗ ಇಂಗ್ಲೆಂಡಿನಲ್ಲಿ ಅಜ್ಜಂದಿರ ಮೆಡಲುಗಳು ಪೆಟ್ಟಿಗೆಯಿಂದ ಎದ್ದು ಸೀದಾ ಕುಲುಮೆಗೆ ನಡೆದವು. ದೊರೆ, ಸವಾರ, ಹದ್ದು, ಅಂಚಿನ ಹೆಸರು, ಎಲ್ಲ ಕರಗಿ ಗಟ್ಟಿಯಾದವು. ಸೊಮ್‌ನಲ್ಲಿ ಉಳಿದಿದ್ದ ಹೆಸರು ಬೆಳ್ಳಿ ಪೇಟೆಯಲ್ಲಿ ಹೋಯಿತು. ಕಂಚಿನದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಂಚಿಗೆ ಯಾವ ಅಕ್ಕಸಾಲಿಗ ತಾನೇ ಕಾಸು ಕೊಡುತ್ತಾನೆ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇವತ್ತು ಸಂಗ್ರಾಹಕರ ಸಂತೆಯಲ್ಲಿ ಸಾಧಾರಣ ಬೆಳ್ಳಿ ಮೆಡಲಿಗಿಂತ ಕೂಲಿಯ ಕಂಚಿಗೆ ಗಿರಾಕಿ ಜಾಸ್ತಿ, ಯಾಕೆಂದರೆ ಅಪರೂಪ. ನೂರು ವರ್ಷದ ಮೇಲೆ ಕೂಲಿಗೆ ಬಡ್ತಿ ಸಿಕ್ಕಿತು. ಆ ಹಣದಲ್ಲಿ ಒಂದು ಪೈಸೆ ಚೀನಾದ ಶಾಂಡಾಂಗಿಗೋ ನಮ್ಮ ರಾಂಚಿಗೋ ಹೋಗುವುದಿಲ್ಲ ಎಂಬುದು ಬೇರೆ ಮಾತು.

ಮೆಡಲು ಕರಗಿದರೇನಂತೆ, ಕಲ್ಲಿನ ಮೇಲೆ ಹೆಸರಿದೆಯಲ್ಲ ಅನ್ನುವವರು ಬಸ್ರಾಕ್ಕೆ ಹೋಗಿಬರಬೇಕು. ಮೆಸೊಪೊಟೇಮಿಯಾದಲ್ಲಿ ಸತ್ತು ಗೋರಿ ಸಿಗದ 40 ಸಾವಿರಕ್ಕೂ ಹೆಚ್ಚು ಜನರಿಗಾಗಿ ಅಲ್ಲೊಂದು ದೊಡ್ಡ ಸ್ಮಾರಕ ಕಟ್ಟಿಸಿದರು. 1917ರಲ್ಲಿ ಹುಟ್ಟಿದ ಯುದ್ಧಗೋರಿಗಳ ಆಯೋಗದ ಮೂಲಮಂತ್ರವೇ ಸತ್ತವರಲ್ಲಿ ದರ್ಜೆ, ಜನಾಂಗ, ಧರ್ಮ ಎಣಿಸಬಾರದು ಎಂಬುದು. ಅದರಂತೆ ಬಸ್ರಾದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಒಬ್ಬೊಬ್ಬರದಾಗಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಕೆತ್ತಿ, ಉಳಿದವರಿಗೆ ‘ಮತ್ತು ಇಷ್ಟು ಜನ ಭಾರತೀಯ ಸೈನಿಕರು’ ಎಂದು ಪಲ್ಟನ್ನಿನ ಕೆಳಗೆ ಸಂಖ್ಯೆ ಹಾಕಿದರು. ಜನಾಂಗ ಎಣಿಸಲಿಲ್ಲ, ತಲೆ ಎಣಿಸಿದರು. ಆಮೇಲೆ 1997ರಲ್ಲಿ ಸದ್ದಾಂ ಹುಸೇನನ ಆಜ್ಞೆಯಂತೆ ಇಡೀ ಸ್ಮಾರಕವನ್ನು ಬಂದರುಕಟ್ಟೆಯಿಂದ ಕಿತ್ತು, ನಾಸಿರಿಯಾ ರಸ್ತೆಯಲ್ಲಿ 32 ಕಿಲೋಮೀಟರ್ ಆಚೆ, 1991ರ ಯುದ್ಧ ನಡೆದ ಬಯಲಿನಲ್ಲಿ, ಕಲ್ಲಿಗೆ ಕಲ್ಲು ಜೋಡಿಸಿ ಮತ್ತೆ ನಿಲ್ಲಿಸಿದರು. ಸರ್ವಾಧಿಕಾರಿಗೇ ಇಷ್ಟೂ ಕಲ್ಲನ್ನು ಸಾಗಿಸಲು ಸಾಧ್ಯವಾಯಿತು. ಪ್ರಜಾಪ್ರಭುತ್ವದ ತೊಟ್ಟಿಲಿಗೆ ಹೆಸರು ಬರೆದುಕೊಳ್ಳಲು ಸಾಧ್ಯವಾಗಲಿಲ್ಲ. 2021ರಲ್ಲಿ ಆಯೋಗವೇ ವರದಿ ಹೊರತಂದು ಕ್ಷಮೆ ಕೇಳಿತು: ಏಷ್ಯಾ, ಆಫ್ರಿಕಾಗಳ ಕನಿಷ್ಠ 1 ಲಕ್ಷ 16 ಸಾವಿರ ಜನರನ್ನು, ಬಹುಶಃ ಮೂರೂವರೆ ಲಕ್ಷದವರೆಗೂ, ಹೆಸರು ಹಿಡಿದು ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲ. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಎರಡು ಲಕ್ಷದ ಮೂವತ್ತನಾಲ್ಕು ಸಾವಿರ ಹೆಣ. ಮೆಡಲಿನ ಅಂಚಿನ ಪೆಟ್ಟನ್ನು ಎಣಿಸುವವರ ದೇಶ ಇದು.

ಇಂಗ್ಲಿಷರನ್ನು ಬೈದು ಕೈತೊಳೆದುಕೊಳ್ಳುವುದು ನಮಗೆ ರೂಢಿಯಾದ ವ್ಯಾಯಾಮ. ಅವರು ಹೋಗಿ ಮುಕ್ಕಾಲು ಶತಮಾನ ದಾಟಿತು. ಪಂಕ್ತಿಗಳು ಹಾಕಿದಲ್ಲೇ ಇವೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಊರನ್ನು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳು ಹಿಡಿದರು. ಕುದುರೆ ಮತ್ತು ಈಟಿ ಒಂದು ಕಡೆ, ಫಿರಂಗಿ ಮತ್ತು ಮಷೀನ್‌ಗನ್ ಇನ್ನೊಂದು ಕಡೆ. ಜೋಧಪುರದವರು ಊರಿನೊಳಕ್ಕೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟವನ್ನು ಹತ್ತಿ ಮೇಲಿನ ತುಪಾಕಿಗಳ ಬಾಯಿ ಮುಚ್ಚಿಸಿದರು. ಸೆರೆಸಿಕ್ಕವರು 1,350, ನಮ್ಮ ಕಡೆ ಸತ್ತವರು 8 ಜನ, 60 ಕುದುರೆ. ದೊಡ್ಡ ಸಾಹಸವೇ, ಅನುಮಾನ ಬೇಡ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕವೂ ಇದೆ. ನೂರು ವರ್ಷ ಅದರ ಪಕ್ಕದಲ್ಲೇ ಓಡಾಡುತ್ತ ಅದೇನೆಂದು ಕೇಳದಿದ್ದ ನಾವು ಈಗ ಪ್ರತಿ ಸೆಪ್ಟೆಂಬರಿನಲ್ಲಿ ಬೆಳಗ್ಗೆ ಎದ್ದ ಕೂಡಲೇ ವಾಟ್ಸಾಪಿನಲ್ಲಿ ಈಟಿ ಹಿಡಿಯುತ್ತೇವೆ. ಫಾರ್ವರ್ಡ್ ಮಾಡುವ ಮಾವಂದಿರ ಎದೆ ಉಬ್ಬಿರುವುದು ನೋಡಿದರೆ ಕಾರ್ಮೆಲ್ ಬೆಟ್ಟ ಹತ್ತಿದ್ದು ಅವರೇ ಇರಬೇಕು.

ಆ ಕುದುರೆಗಳಿಗೆ ಮರುಭೂಮಿಯುದ್ದಕ್ಕೂ ನೀರು ಕುಡಿಸಿ, ಹುಲ್ಲು ಹಾಕಿ, ಲದ್ದಿ ಬಾಚಿದ ಸೈಸರ ಬಗ್ಗೆ, ಬೆಟ್ಟದ ಬುಡದವರೆಗೆ ತೋಟಾ ಹೊತ್ತವರ ಬಗ್ಗೆ, ಸೈನ್ಯದ ಹಿಂದೆಯೇ ರೈಲು ಹಳಿ ಹಾಸುತ್ತ, ನೀರಿನ ಕೊಳವೆ ಎಳೆಯುತ್ತ ಬಂದ ಈಜಿಪ್ಟಿನ ಕೂಲಿಗಳ ಬಗ್ಗೆ ಒಂದು ಫಾರ್ವರ್ಡೂ ಬಂದ ನೆನಪಿಲ್ಲ. ನಮ್ಮ ಹೆಮ್ಮೆಗೆ ಕುದುರೆ ಬೇಕು, ಕುದುರೆಗೆ ಸವಾರ ಬೇಕು, ಅಷ್ಟಕ್ಕೇ ಫ್ರೇಮು ತುಂಬುತ್ತದೆ. ಒಂದು ಸಲ ಪರಿಚಯದ ಇತಿಹಾಸದ ಮೇಷ್ಟ್ರೊಬ್ಬರ ಹತ್ತಿರ ಈ ಮಾತು ತೆಗೆದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಸ್ವಾಮಿ, ಲದ್ದಿ ಬಾಚಿದವರನ್ನೆಲ್ಲ ಇತಿಹಾಸಕ್ಕೆ ಸೇರಿಸಿದರೆ ಸಿಲಬಸ್ ಮುಗಿಸೋದು ಯಾವಾಗ?’ ಅಂದರು. ಪರೀಕ್ಷೆ ಮಾರ್ಚಿನಲ್ಲಿದೆ, ಅವರ ಕಷ್ಟ ಅವರಿಗೆ.

ದೆಹಲಿಯಲ್ಲಿ ಈ ಸವಾರರ, ಅವರ ದಳದ ಜೊತೆಗಾರರ ನೆನಪಿಗೆ 1922ರಲ್ಲೇ ಮೂರು ಪ್ರತಿಮೆ ನಿಲ್ಲಿಸಿದ್ದಾರೆ: ಜೋಧಪುರಕ್ಕೊಂದು, ಹೈದರಾಬಾದಿಗೊಂದು, ಮೈಸೂರಿಗೊಂದು. ತೀನ್ ಮೂರ್ತಿ ಎಂಬ ಹೆಸರು ಬಂದದ್ದೇ ಹಾಗೆ. 2018ರಲ್ಲಿ ಇಸ್ರೇಲಿನ ಪ್ರಧಾನಿ ಬಂದಾಗ ಅದನ್ನು ತೀನ್ ಮೂರ್ತಿ ಹೈಫಾ ಚೌಕ ಮಾಡಿದರು. ಆ ಮೂವರ ಪಕ್ಕದಲ್ಲಿ ಹೆಗಲ ಮೇಲೆ ನೀರಿನ ಚೀಲ ಹೊತ್ತ ಒಬ್ಬ ಭಿಸ್ತಿಯನ್ನೋ, ಕೈಯಲ್ಲಿ ಲಗಾಮು ಹಿಡಿದ ಸೈಸನನ್ನೋ ನಿಲ್ಲಿಸಬಾರದೆ ಎಂದು ಯಾರಾದರೂ ಅರ್ಜಿ ಹಾಕಿದರೆ ಸರ್ಕಾರದ ಉತ್ತರ ಏನಿರಬಹುದೆಂದು ಈಗಲೇ ಹೇಳಬಲ್ಲೆ. ಜಾಗದ ತೊಂದರೆಯಿಲ್ಲ, ದುಡ್ಡಿನ ತೊಂದರೆಯೂ ಇಲ್ಲ. ಆದರೆ ಮೂರ್ತಿ ನಾಲ್ಕಾದರೆ ಚೌಕದ ಹೆಸರು ತಪ್ಪಾಗುತ್ತದೆ, ಮತ್ತು ಬೋರ್ಡು ಮೊನ್ನೆಯಷ್ಟೇ ಬರೆಸಿದ್ದಾರೆ.